ಬಲಕ್ಕೆ ಬಿದ್ದ ಹೂವು

ನನ್ನ ತಂಗಿ ಸಮೀಕ್ಷಾ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎಂಬತ್ತಕ್ಕೆ ಹತ್ತೊಂಬತ್ತು ತೆಗೆದ ದಿನ ನಮ್ಮ ಮನೆಯಲ್ಲಿ ಯಾರೂ ಅವಳನ್ನು ಬೈಯಲಿಲ್ಲ. ನನಗೆ ಮೈ ಉರಿದದ್ದು ಅದಕ್ಕೇ. ಬೈದಿದ್ದರೆ, ಅವಳ ಕೈಲಿ ಆಗುತ್ತಿತ್ತು, ಅವಳು ಮಾಡಲಿಲ್ಲ ಎಂದು ಅರ್ಥ. ಬೈಯದೇ ಇದ್ದರೆ ಅವಳ ಕೈಲಿ ಆಗುವುದೇ ಇಲ್ಲ ಎಂದು ಎಲ್ಲರೂ ಒಪ್ಪಿಕೊಂಡ ಹಾಗೆ.

ಅಪ್ಪ ಬೆನಕಪ್ಪ ಹೊರಗೆ ಹೋಗಿ ಎಲೆಅಡಿಕೆ ಉಗಿದು ಬಂದು, "ಹೋಗ್ಲಿ ಬಿಡು ಮಗಾ, ನಮ್ಮನೆಯವರ ಹಣೇಲಿ ಲೆಕ್ಕ ಬರ್ದಿಲ್ಲ" ಅಂದ. ಅವ್ವ ರಾಧಮ್ಮ ಅವಳ ತಲೆ ನೇವರಿಸಿ ಒಳಗೆ ಹೋದಳು. ಸಮೀಕ್ಷಾ ಅಳಲೂ ಇಲ್ಲ. ಶಿಕಾರಿಪುರದ ಹಾಸ್ಟೆಲ್ಲಿನಲ್ಲಿ ಮೂರು ವರ್ಷ ಇದ್ದು ಓದಿದವಳು, ಉಳಿದ ಐದೂ ವಿಷಯದಲ್ಲಿ ಪಾಸಾದವಳು, ಕಟ್ಟೆಯ ಮೇಲೆ ಕೂತು ಜಡೆಯ ತುದಿ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು.

"ನಂಗೆ ಬರಲ್ಲ ಅಣ್ಣ. ನನ್ನ ತಲೆನೇ ಹಂಗೆ."

"ಪರೀಕ್ಷೆಗೆ ಮುಂಚೆ ಒಟ್ಟು ಎಷ್ಟು ಲೆಕ್ಕ ಮಾಡಿದ್ದೆ?"

"ಎಂತದು?"

"ಕೂತು, ಪೆನ್ನು ಹಿಡ್ದು, ಕೊನೇ ತನಕ ಎಷ್ಟು ಲೆಕ್ಕ ಮಾಡಿದ್ದೆ ಅಂತ ಕೇಳ್ದೆ."

ಅವಳು ನಿಜವಾಗಿಯೂ ಯೋಚಿಸಿದಳು. "ಬರದೇ ಇದ್ದಮೇಲೆ ಮಾಡಿ ಎಂತ ಪ್ರಯೋಜನ?"

ಆ ಮಾತು ನನಗೆ ಗೊತ್ತಿತ್ತು. ಅದೇ ಕಟ್ಟೆಯ ಮೇಲೆ ಕೂತು ಎಂಟು ವರ್ಷದ ಹಿಂದೆ ನಾನೂ ಅದನ್ನೇ ಹೇಳಿದ್ದೆ.

ಎರಡನೇ ಪರೀಕ್ಷೆಗೆ ಇಪ್ಪತ್ತೆರಡು ದಿನ ಇತ್ತು. ಅರ್ಜಿ ತುಂಬಲು ನಾಲ್ಕೇ ದಿನ. ಮತ್ತೆ ಪರೀಕ್ಷೆ ಕಟ್ಟಿಸಬೇಕೋ, ಹೊಲಿಗೆ ಕ್ಲಾಸಿಗೆ ಹಾಕಬೇಕೋ ಎಂದು ಅವ್ವ ಊರದೇವಿ ಅಮ್ಮನ ಹತ್ತಿರ ಹೂ ಕೇಳುತ್ತೇನೆ ಅಂದಳು. ನಮ್ಮೂರು ಸೊರಬದಿಂದ ಆರು ಕಿಲೋಮೀಟರು. ಕೆರೆ ಏರಿಯ ಮೇಲೆ ಅಮ್ಮನ ಗುಡಿ. ಮದುವೆ, ಮನೆ ಪಾಯ, ಆಪರೇಷನ್ನು, ಏನೇ ಇದ್ದರೂ ಅಲ್ಲಿಗೇ ಹೋಗುತ್ತಾರೆ. ಭಟ್ಟರು ಎರಡು ಹೂವಿನೆಸಳನ್ನು ನೀರಲ್ಲಿ ಅದ್ದಿ ದೇವಿಯ ಎರಡೂ ಭುಜಕ್ಕೆ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಅದರ ಮೇಲೆ ಮಾತಿಲ್ಲ.

ನನಗೆ ಒಂಬತ್ತನೇ ಕ್ಲಾಸಿನಲ್ಲಿ ಎರಡು ವಿಷಯ ಹೋಗಿದ್ದಾಗ ಅಪ್ಪ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದ. ಎಡಕ್ಕೆ ಬಿತ್ತು. ಮರುದಿನದಿಂದ ಗದ್ದೆ. ಅಳಲಿಲ್ಲ, ಜಗಳ ಆಡಲಿಲ್ಲ. ದೇವರೇ ಬೇಡ ಅಂದಮೇಲೆ ಹದಿನೈದು ವರ್ಷದ ಹುಡುಗ ಯಾರ ಹತ್ತಿರ ಜಗಳ ಆಡುತ್ತಾನೆ?

ಆಮೇಲೆ ನಾನು ಸೊರಬದಲ್ಲಿ ಬಸ್ ಸ್ಟ್ಯಾಂಡಿನ ಹಿಂದಿರುವ ಮೊಯಿನ್ ಭಾಯ್ ಅಂಗಡಿ ಸೇರಿದೆ. ಸುಟ್ಟುಹೋದ ಪಂಪಿನ ಮೋಟಾರು ಬಿಚ್ಚಿ, ಕರಕಲಾದ ತಾಮ್ರದ ತಂತಿ ತೆಗೆದು, ಹೊಸ ತಂತಿ ಸುತ್ತಿ ಕೊಡುವ ಕೆಲಸ. ಅಲ್ಲಿ ಸೇರಿದ ಮೇಲೆ ನನ್ನ ಸಿಟ್ಟು ಜಾಸ್ತಿಯಾಯಿತೇ ಹೊರತು ಕಡಿಮೆಯಾಗಲಿಲ್ಲ. ಯಾಕೆಂದರೆ ಮೋಟಾರು ಸುಮ್ಮನೆ ಸುಡುವುದಿಲ್ಲ. ಬಿಚ್ಚಿ ನೋಡಿದರೆ ಕಾರಣ ಇದ್ದೇ ಇರುತ್ತದೆ. ಮನುಷ್ಯರು ಮಾತ್ರ ಬಿಚ್ಚಿ ನೋಡುವುದೇ ಇಲ್ಲ.

ಅವ್ವ ಹೂ ಕೇಳುವ ಹಿಂದಿನ ದಿನ ಗುಡಿಯ ವಿಘ್ನೇಶ್ವರ ಭಟ್ಟರೇ ಅಂಗಡಿಗೆ ಬಂದರು. ಗುಡಿಯ ಬಾವಿಯ ಮೋಟಾರು ನಮ್ಮಲ್ಲಿತ್ತು.

"ವರ್ಷದಲ್ಲಿ ಎರಡು ಸಲ ಸುಟ್ಟಿತು ಮಾರಾಯ. ಎಂತದೋ ದೋಷ ಇರ್ಬೇಕು" ಅಂದರು.

"ದೋಷ ಇದೆ ಭಟ್ರೇ, ಫುಟ್‌ವಾಲ್ವಲ್ಲಿ" ಅಂದರು ಮೊಯಿನ್ ಭಾಯ್. "ಪೈಪಿನ ಬುಡದ ಮುಚ್ಚಳ ಸರಿ ಕೂರಲ್ಲ, ನೀರು ಕೆಳಗೆ ಇಳ್ದುಹೋಗ್ತದೆ, ನೀವು ಸ್ವಿಚ್ ಒತ್ತಿ ಮಂತ್ರ ಹೇಳ್ತಾ ಕೂರ್ತೀರಿ, ಮೋಟಾರು ನೀರಿಲ್ದೆ ಒಣಗಿ ಓಡ್ತದೆ. ಸುಡ್ದೆ ಇನ್ನೇನ್ ಮಾಡ್ತದ್ರೀ?"

ಭಟ್ಟರು ನಕ್ಕರು. ಮೊಯಿನ್ ಭಾಯ್ ಚಹಾ ಹೇಳಲು ಹೊರಗೆ ಹೋದರು. ನನ್ನ ಕೈಯಲ್ಲಿ ಬೇರೊಂದು ಮೋಟಾರಿನ ಸುರುಳಿ ಇತ್ತು, ಮೂವತ್ತೆಂಟನೇ ಸುತ್ತು. ತಲೆ ಎತ್ತದೆ ಹೇಳಿದೆ:

"ಭಟ್ರೇ, ನಾಳೆ ನಮ್ಮವ್ವ ಹೂ ಕೇಳೋಕೆ ಬರ್ತಾಳೆ. ತಂಗಿದು, ಪರೀಕ್ಷೆ ವಿಷ್ಯ."

"ಬರ್ಲಿ."

"ಬಲಕ್ಕೆ ಬೀಳ್ಬೇಕು."

ಎದ್ದು ಹೋಗುತ್ತಾರೆ, ಇಲ್ಲ ಕೆನ್ನೆಗೆ ಹೊಡೆಯುತ್ತಾರೆ ಅಂದುಕೊಂಡಿದ್ದೆ. ಅವರು ಮೋಟಾರಿನ ಫ್ಯಾನನ್ನು ಬೆರಳಲ್ಲಿ ಒಂದು ಸುತ್ತು ತಿರುಗಿಸಿದರು.

"ಕೂಸು ಓದ್ತದಾ?"

"ಬಿದ್ರೆ ಓದ್ತಾಳೆ. ಇಲ್ದಿದ್ರೆ ಇಲ್ಲ."

"ಎಡಗಡೆ ಎಸಳಿಗೆ ನೀರು ಜಾಸ್ತಿ ಮಾಡಿದ್ರೆ ಅದು ನಿಲ್ತದೆ. ಬಲಗಡೆದು ಬೇಗ ಒಣಗಿ ಬೀಳ್ತದೆ. ಅದೆಂತ ದೊಡ್ಡ ವಿದ್ಯೆ ಅಲ್ಲ."

ಇಷ್ಟು ಸಲೀಸಾಗಿ ಹೇಳಿದ್ದು ನೋಡಿ ನನಗೇ ಗಾಬರಿಯಾಯಿತು. "ನಿಮಗೆ ಹೆದ್ರಿಕೆ ಆಗಲ್ವಾ?"

"ಹೂ ಕೇಳೋಕೆ ಬರೋರಲ್ಲಿ ಎಷ್ಟೋ ಜನ ಉತ್ತರ ಜೇಬಲ್ಲಿ ಇಟ್ಕೊಂಡೇ ಬರ್ತಾರೆ ಮಾರಾಯ. ನಾನು ಬಾಯಿ ಬಿಡಲ್ಲ. ನಿಮ್ಮಪ್ಪನೂ ಆವತ್ತು…"

ನಿಲ್ಲಿಸಿಬಿಟ್ಟರು. ನಾನು ತಲೆ ಎತ್ತಿದೆ.

"ನಮ್ಮಪ್ಪ ಎಂತ?"

"ಹಳೇದು, ಬಿಡು."

"ಭಟ್ರೇ."

"ಹಿಂದಿನ ದಿನ ಬಂದಿದ್ದ. ಹುಡುಗ ಗದ್ದೆಗೆ ಬೇಕು, ನಾನು ಶಾಲೆ ಬಿಡಿಸ್ತೀನಿ ಅಂದ್ರೆ ಹೆಂಡ್ತಿ ಸುಮ್ನಿರಲ್ಲ, ಅಮ್ಮನ ಬಾಯಲ್ಲೇ ಹೇಳ್ಸಿ ಅಂದ." ಅವರು ಶಲ್ಯ ಸರಿಮಾಡಿಕೊಂಡರು. "ನಿಂಗೆ ಗೊತ್ತಿರ್ಬೇಕು ಅಂದ್ಕೊಂಡಿದ್ದೆ."

ಸುತ್ತಿನ ಎಣಿಕೆ ತಪ್ಪಿತು. ಮೂವತ್ತೆಂಟೋ ನಲವತ್ತೊಂದೋ ತಿಳಿಯದೆ ಇಡೀ ಸುರುಳಿಯನ್ನು ಬಿಚ್ಚಿದೆ. ಮೊಯಿನ್ ಭಾಯ್ ಚಹಾ ತಂದಿಟ್ಟು, "ಏನೋ ತಿಪ್ಪೇಶಿ, ಮುಖ ಯಾಕೆ ಸುಟ್ಟ ಸುರುಳಿ ಥರ ಆಗಿದೆ?" ಅಂದರು. ನಾನು ಮೊದಲನೇ ಸುತ್ತಿನಿಂದ ಮತ್ತೆ ಸುತ್ತತೊಡಗಿದೆ.

ಆ ಸಂಜೆ ಮನೆಗೆ ಹೋಗಿ ಅಪ್ಪನ ಕೊರಳಪಟ್ಟಿ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ನನ್ನ ಹೂವಿನ ಸುದ್ದಿ ಎತ್ತಿದರೆ ಸಮೀಕ್ಷಾಳ ಹೂವಿನ ಗುಟ್ಟೂ ಬಯಲಾಗುತ್ತದೆ. ಪರೀಕ್ಷೆ ಮುಗಿಯುವ ತನಕ ಬಾಯಿ ಮುಚ್ಚಿಕೊಂಡಿರಬೇಕು, ಅಷ್ಟೇ ಎಂದು ಹಲ್ಲು ಕಚ್ಚಿದೆ. ಎದುರಿಗೆ ಕೂತು ಉಣ್ಣುವ ಮನುಷ್ಯನ ಕೈಬೆರಳುಗಳನ್ನೇ ನೋಡುತ್ತಾ ಉಂಡೆ.

ಮರುದಿನ ಬೆಳಿಗ್ಗೆ ಗುಡಿಯಲ್ಲಿ ಎಸಳು ಅಂಟಿಸಿ ಭಟ್ಟರು ಹಿಂದೆ ಸರಿದರು. ಒಂದು ನಿಮಿಷ, ಐದು ನಿಮಿಷ. ಎರಡೂ ಅಲುಗಲಿಲ್ಲ. ಅವ್ವನ ತುಟಿ ಅಲ್ಲಾಡುತ್ತಿತ್ತು. ಸಮೀಕ್ಷಾ ಉಸಿರು ಬಿಗಿಹಿಡಿದು ಬಲಭುಜವನ್ನೇ ನೋಡುತ್ತಿದ್ದಳು. ಸಂಗತಿ ಗೊತ್ತಿದ್ದ ನನ್ನ ಎದೆಯೂ ಹೊಡೆದುಕೊಳ್ಳುತ್ತಿತ್ತು ಎನ್ನಲು ನಾಚಿಕೆಯಾಗುತ್ತದೆ. ಎಡಗಡೆಯದು ಒಂದು ಸಲ ಜಾರಿದ ಹಾಗೆ ಕಂಡಿತು. ನಾನು ಭಟ್ಟರನ್ನು ನೋಡಿದೆ, ಅವರು ನನ್ನನ್ನು ನೋಡಲಿಲ್ಲ. ಆಮೇಲೆ ಬಲಗಡೆಯ ಎಸಳು ಮಡಚಿಕೊಂಡು ಪೀಠದ ಮೇಲೆ ಬಿತ್ತು.

"ಆಗ್ಲಿ ಅಂದ್ಲು!" ಅವ್ವ ಕೂಗಿದಳು.

ಸಮೀಕ್ಷಾಳ ಮುಖದಲ್ಲಿ ಆದದ್ದನ್ನು ನಾನು ಮರೆಯಲಾರೆ. ಎಷ್ಟೋ ದಿನದಿಂದ ಬಿಗಿದಿದ್ದ ದವಡೆ ಸಡಿಲವಾಯಿತು.

ಆವತ್ತೇ ಹಳೇ ಪ್ರಶ್ನೆಪತ್ರಿಕೆಗಳ ಪುಸ್ತಕ ತಂದುಕೊಟ್ಟೆ. ದಿನಕ್ಕೊಂದು ಪೇಪರು. ನಾನು ಮೊಬೈಲಿನಲ್ಲಿ ಟೈಮು ಹಿಡಿಯುವುದು, ಅವಳು ಬರೆಯುವುದು, ಆಮೇಲೆ ಪುಸ್ತಕದ ಹಿಂದಿನ ಉತ್ತರ ನೋಡಿ ಅವಳೇ ತಿದ್ದಿಕೊಳ್ಳುವುದು. ಮೊದಲ ದಿನ ಹದಿನಾಲ್ಕು. ಮೊದಲಾಗಿದ್ದರೆ ಅವಳು ಒಂದು ಲೆಕ್ಕ ತಪ್ಪಿದ ಕೂಡಲೇ, ನೋಡಿದ್ಯಾ, ಬರಲ್ಲ ಎಂದು ಪುಸ್ತಕ ಮುಚ್ಚುತ್ತಿದ್ದಳು. ಈಗ ಪೆನ್ನಿನ ತುದಿಯಲ್ಲಿ ಸಾಲು ಸಾಲಾಗಿ ಮೇಲಕ್ಕೆ ಹೋಗಿ, "ಎಲ್ಲೋ ತಪ್ಪಿದೀನಿ, ತಡಿ" ಅನ್ನತೊಡಗಿದಳು. ಹೋಗಿ ಹುಡುಕುತ್ತಿದ್ದಳು. ಸಿಗುತ್ತಿತ್ತು. ಬಹಳಷ್ಟು ಸಲ ಒಂದು ಮೈನಸ್ ಚಿಹ್ನೆ. ಹುಡುಗಿ ಅದೇ, ತಲೆ ಅದೇ. ತಪ್ಪಿಗೆ ಜಾಗ ಇದೆ, ಅದನ್ನು ಹುಡುಕಿ ತೆಗೆಯಬಹುದು ಎಂಬುದೊಂದು ಮಾತ್ರ ಹೊಸದು. ಇಪ್ಪತ್ತೆರಡಾಯಿತು. ಇಪ್ಪತ್ತಾರಾಯಿತು. ಪಾಸಾಗಲು ಇಪ್ಪತ್ತೆಂಟು ಬೇಕು. ಕೊನೆಯ ಪೇಪರಿನಲ್ಲಿ ಮೂವತ್ತಾರು ಬಂದಾಗ ಅವಳು ಅಂಗಳದಲ್ಲಿ ಕುಣಿದಳು.

ಪರೀಕ್ಷೆಯ ಬೆಳಿಗ್ಗೆ ಏಳೂವರೆಗೆ ಹೊರಡಬೇಕಿತ್ತು. ಕೇಂದ್ರ ಇದ್ದದ್ದು ಶಿಕಾರಿಪುರದಲ್ಲಿ. ಹತ್ತಕ್ಕೆ ಪೇಪರು, ಹತ್ತೂವರೆಯ ಮೇಲೆ ಒಳಗೆ ಬಿಡುವುದಿಲ್ಲ. ಅವ್ವ ಆರತಿ ಎತ್ತಿ ಮುಗಿಸುವಷ್ಟರಲ್ಲೇ ಎಂಟಾಯಿತು. ನಾನು ಬೈಕಿನ ಹತ್ತಿರ ನಿಂತು ಹಾರನ್ ಒತ್ತುತ್ತಿದ್ದೆ. ಅಪ್ಪ ಅವಳ ಹಣೆಗೆ ಕುಂಕುಮ ಇಟ್ಟು ಹೇಳಿದ:

"ನೀನು ಹೆದ್ರಬೇಡ ಮಗಾ. ನಿಂದೇನೂ ಇಲ್ಲ. ಅಮ್ಮ ಬಲ ಕೊಟ್ಟಿದಾಳೆ. ನೀ ಸುಮ್ನೆ ಕೂತ್ಕೋ, ಪೆನ್ನು ಅವಳೇ ಹಿಡಿತಾಳೆ."

ಇಷ್ಟಕ್ಕೆ ನಿಲ್ಲಿಸಿದ್ದರೆ ನಾನು ನುಂಗಿಕೊಳ್ಳುತ್ತಿದ್ದೆ. ಅವನು ನನ್ನ ಕಡೆ ತಿರುಗಿದ.

"ಎಲ್ಲರಿಗೂ ಆ ಋಣ ಇರಲ್ಲ. ಇವನಿಗೆ ಕೊಡ್ಲಿಲ್ಲ ನೋಡು. ಇವನ ಹಣೆಬರಹ."

ಬಾಯಿ ನನ್ನ ಮಾತು ಕೇಳಲಿಲ್ಲ. "ಅಮ್ಮ ಕೊಡ್ಲಿಲ್ವಾ? ಯಾರು ಕೊಡ್ಲಿಲ್ಲ ಅಂತ ಭಟ್ಟರನ್ನ ಕೇಳ್ಲಾ? ಹಿಂದಿನ ದಿನ ಹೋಗಿ ಎಡಕ್ಕೆ ಬೀಳ್ಸಿ ಅಂದೋನು ಯಾರು?"

ಅಪ್ಪನ ಕೈ ಕುಂಕುಮದ ಭರಣಿಯಲ್ಲೇ ನಿಂತಿತು. ಅವ್ವ, "ಎಂತದೋ ಅದು?" ಅಂದಳು.

"ನನ್ನ ಸೊಂಟ ಬಿದ್ದಿತ್ತು ಆವಾಗ" ಅಂದ ಅಪ್ಪ, ನೆಲ ನೋಡುತ್ತಾ. "ಗದ್ದೆಗೆ ಜನ ಇರ್ಲಿಲ್ಲ. ನನ್ನ ಕೈಲಿ ಎಂತ ಇತ್ತು?"

"ಬಾಯಿ ಇತ್ತಲ್ಲ! ನನ್ನ ಹತ್ರ ಹೇಳ್ಬೋದಿತ್ತಲ್ಲ! ದೇವರ ಹೆಗಲ ಮೇಲೆ ಹಾಕ್ದೆ. ನೀನೊಬ್ಬನೇ ಬುದ್ಧಿವಂತ ಅಂದ್ಕೊಂಡ್ಯಾ? ಇವಳ ಹೂವು ಬಲಕ್ಕೆ ಬೀಳ್ಸಿದ್ದು ನಾನು. ಭಟ್ರಿಗೆ ಹೇಳಿ, ನೀರು ಹಚ್ಸಿ, ನಾನು!"

ಹೇಳಿದ ಮೇಲೆ ಕೇಳಿಸಿತು, ಏನು ಹೇಳಿದೆ ಅಂತ. ಸಮೀಕ್ಷಾ ಹಾಲ್ ಟಿಕೆಟ್ಟಿನ ಪ್ಲಾಸ್ಟಿಕ್ ಕವರನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದಳು. ದವಡೆ ಮತ್ತೆ ಬಿಗಿದಿತ್ತು.

ಅವ್ವ ಅಳತೊಡಗಿದಳು. ಅಪ್ಪ ಜಗುಲಿಯ ಮೇಲೆ ಕುಸಿದು ಕೂತ. ಸಮೀಕ್ಷಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಬಾಗಿಲು ಬಡಿದೆ, ಬೇಡಿಕೊಂಡೆ, ಬೈದೆ. ಎಂಟೂ ಐವತ್ತೈದಕ್ಕೆ ಅವಳು ಹೊರಗೆ ಬಂದು ಬೈಕಿನ ಹಿಂದೆ ಕೂತಳು.

ಶಿರಾಳಕೊಪ್ಪದ ತನಕ ಗಾಡಿ ಎಪ್ಪತ್ತರ ಮೇಲೆ ಓಡುತ್ತಿತ್ತು. ಅಲ್ಲಿಯ ಬಸ್ ಸ್ಟ್ಯಾಂಡಿನ ಹತ್ತಿರ ಲಾರಿ ಅಡ್ಡ ಬಂದು ಗಾಡಿ ನಿಂತಾಗ ಅವಳು ಇಳಿದುಬಿಟ್ಟಳು.

"ನಾನು ಬರಲ್ಲ."

"ಸಮೀ, ಒಂಬತ್ತೂ ಇಪ್ಪತ್ತೈದು ಆಗಿದೆ. ಗಾಡಿ ಹತ್ತು."

"ನೀನೂ ಅಪ್ಪನೂ ಒಂದೇ. ಅವರು ಎಡಕ್ಕೆ, ನೀನು ಬಲಕ್ಕೆ. ನನ್ನನ್ನ ಒಬ್ರಾದ್ರೂ ಕೇಳಿದ್ರಾ?"

"ಕೇಳಿದ್ರೆ ಬರಲ್ಲ ಅಂತಿದ್ದೆ ನೀನು!"

"ಅಂತಿದ್ದೆ. ಅದಕ್ಕೆ?"

ಹಣ್ಣಿನ ಗಾಡಿಯವನು ನಮ್ಮನ್ನು ನೋಡತೊಡಗಿದ. ತೋಳು ಹಿಡಿದು ಎಳೆದು ಕೂರಿಸಬೇಕು ಎಂದು ಕೈ ಮುಂದೆ ಹೋಯಿತು. ಅವಳು ಆ ಕೈಯನ್ನು ನೋಡಿದಳು. ನಾನು ಹಿಂದಕ್ಕೆ ತೆಗೆದುಕೊಂಡೆ. ಅಷ್ಟು ಕಷ್ಟದ ಕೆಲಸ ನಾನು ಮಾಡಿದ್ದಿಲ್ಲ.

"ಹಂಗಾದ್ರೆ ಅಮ್ಮ ಹೂಂ ಅಂದಿಲ್ಲ" ಅಂದಳು.

"ಇಲ್ಲ."

"ಬೇಡ ಅಂತಾನೂ ಅಂದಿಲ್ಲ."

"ಇಲ್ಲ. ಎಂತದೂ ಅಂದಿಲ್ಲ."

ಅವಳು ಕವರಿನ ಅಂಚನ್ನು ಉಗುರಲ್ಲಿ ಕೆರೆಯುತ್ತಿದ್ದಳು. "ಮೊನ್ನೆ ಮೂವತ್ತಾರು ಬಂತಲ್ಲ. ಅದಕ್ಕೂ ಎಂತಾದ್ರೂ ಮಾಡಿದ್ಯಾ? ನಿಜ ಹೇಳು. ಪುಸ್ತಕದ ಉತ್ತರ ಗಿತ್ತರ ತಿದ್ದಿದ್ಯಾ?"

ನನಗೆ ರೇಗಿತು. "ನಂಗೆ ಆ ಲೆಕ್ಕದ ತಲೆಬಾಲ ಗೊತ್ತಿಲ್ಲ, ತಿದ್ದೋದೆಂತ ಮಣ್ಣು! ಮಾಡಿದ್ದೂ ನೀನೇ, ತಪ್ಪು ಹುಡುಕಿದ್ದೂ ನೀನೇ. ನಾನು ಮೊಬೈಲ್ ಹಿಡ್ಕೊಂಡು ಪಕ್ಕದಲ್ಲಿ ನಿದ್ದೆ ಹೊಡಿತಿದ್ದೆ!"

ಅವಳು ನನ್ನ ಮುಖವನ್ನೇ ನೋಡಿದಳು, ಸುಳ್ಳಿನ ಗೆರೆ ಎಲ್ಲಾದರೂ ಇದೆಯಾ ಎಂದು. ಅಲ್ಲೇ ಎರಡು ಬಸ್ಸು ನಿಂತಿದ್ದವು. ಒಂದು ಸೊರಬಕ್ಕೆ, ಇನ್ನೊಂದು ಶಿಕಾರಿಪುರಕ್ಕೆ. ಎರಡರ ಕಂಡಕ್ಟರುಗಳೂ ಕೂಗುತ್ತಿದ್ದರು.

"ನಿನ್ನ ಗಾಡೀಲಿ ಬರಲ್ಲ. ನನ್ನ ಹಿಂದೆ ಬರಬೇಡ" ಅಂದು ತಿರುಗಿದಳು. ಸೊರಬದ ಬಸ್ಸಿನ ಬಾಗಿಲ ತನಕ ಹೋದಳು. ಕಂಡಕ್ಟರು, "ಹತ್ತವ್ವ, ಹತ್ತು" ಅಂದ. ಅವಳು ಅವನಿಗೆ ಏನೋ ಹೇಳಿ, ಅದರ ಮುಂದಿನಿಂದ ಹಾದು ಶಿಕಾರಿಪುರದ ಬಸ್ಸು ಹತ್ತಿದಳು.

ಆ ಬಸ್ಸು ಹೊರಟದ್ದು ಒಂಬತ್ತೂ ನಲವತ್ತಕ್ಕೆ. ನಾನು ಹಿಂದೆಯೇ ಹೋದೆ. ಬರಬೇಡ ಅಂದಿದ್ದಳು, ಗೊತ್ತು. ಪ್ರತಿ ಊರಿನ ಕ್ರಾಸಿನಲ್ಲಿ ಬಸ್ಸು ನಿಲ್ಲುತ್ತಿತ್ತು. ಒಬ್ಬ ಮುದುಕ ಎರಡು ಗೊಬ್ಬರದ ಚೀಲ ಹತ್ತಿಸಲು ಮೂರು ನಿಮಿಷ ತಿಂದ. ನನ್ನ ಬೈಕಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಗೇಟಿನಲ್ಲಿರುತ್ತಿದ್ದೆವು. ಪಕ್ಕಕ್ಕೆ ಬಂದು ಕಿಟಕಿಯತ್ತ ಸನ್ನೆ ಮಾಡಿದೆ, ಇಳಿ, ಗಾಡಿ ಹತ್ತು ಎಂದು. ಅವಳು ಇಲ್ಲ ಎಂದು ತಲೆ ಅಲ್ಲಾಡಿಸಿ ಮತ್ತೆ ಮಡಿಲಿನ ಹಾಳೆ ನೋಡತೊಡಗಿದಳು. ಸೂತ್ರ ಬರೆದುಕೊಂಡಿದ್ದ ಹಾಳೆ. ಬಸ್ಸನ್ನು ಅಡ್ಡಗಟ್ಟಿ ಇಳಿಸಬೇಕೆಂದು ಎರಡು ಸಲ ಅನಿಸಿತು. ಎರಡೂ ಸಲ ಆಕ್ಸಿಲರೇಟರ್ ಬಿಟ್ಟು ಹಿಂದೆ ಉಳಿದೆ.

ಶಿಕಾರಿಪುರದ ಸ್ಟ್ಯಾಂಡಿನಲ್ಲಿ ಹತ್ತೂ ಹತ್ತೊಂಬತ್ತು. ಅವಳು ಇಳಿದವಳೇ ಓಡಿದಳು. ಚಪ್ಪಲಿ ಕಿತ್ತು ಕೈಯಲ್ಲಿ ಹಿಡಿದು ಓಡಿದಳು. ನಾನು ಐವತ್ತು ಮಾರು ದೂರದಲ್ಲಿ ಗಾಡಿ ತಳ್ಳಿಕೊಂಡು ನಡೆದೆ. ಗೇಟಿನ ಪೊಲೀಸಪ್ಪ ಗಡಿಯಾರ ನೋಡಿ ಏನೋ ಗದರಿದ. ಅವಳು ಅಳಲಿಲ್ಲ, ಕೈಮುಗಿಯಲಿಲ್ಲ. ಹಾಲ್ ಟಿಕೆಟ್ ಎತ್ತಿ ಹಿಡಿದು, "ಇನ್ನೂ ನಾಲ್ಕು ನಿಮಿಷ ಇದೆ ಸರ್" ಅಂದದ್ದು ನನಗೂ ಕೇಳಿಸಿತು. ಗೇಟು ಒಂದು ಆಳಿನಷ್ಟು ತೆರೆದು ಮುಚ್ಚಿತು.

ಮೂರು ಗಂಟೆ ಎದುರಿನ ಹುಣಸೆಮರದ ಕೆಳಗೆ ನಿಂತಿದ್ದೆ. ಅಪ್ಪನ ಮೇಲಿನ ಸಿಟ್ಟನ್ನು ತಿರುಗಾಮುರುಗಾ ಮಾಡಿ ನೋಡಿದೆ. ಇತ್ತು, ಹಾಗೇ ಇತ್ತು. ಆದರೆ ಬೆಳಿಗ್ಗೆಯದು ಅಪ್ಪ ಮಾಡಿದ್ದಲ್ಲ. ಬಾಯಿ ನನ್ನದು.

ಬೆಲ್ಲು ಹೊಡೆದು ಎಲ್ಲರೂ ಬಂದ ಮೇಲೆ ಅವಳು ಬಂದಳು. ನಾನು ಇರುತ್ತೇನೆಂದು ಗೊತ್ತಿದ್ದವಳಂತೆ ನೇರವಾಗಿ ಬಂದಳು.

"ಹೆಂಗಾಯ್ತು?"

"ಹಸಿವು" ಅಂದಳು.

ಪಕ್ಕದ ಗಾಡಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡಿಸಿದೆ. ಅರ್ಧ ತಿಂದ ಮೇಲೆ ಬಾಯಿಬಿಟ್ಟಳು.

"ಎರಡು ತಪ್ಪಾಗಿದೆ. ಎಲ್ಲಿ ತಪ್ಪಿದ್ದು ಅಂತಾನೂ ಗೊತ್ತು. ಪ್ರಮೇಯ ಪೂರ್ತಿ ಬರ್ದೆ. ನಕ್ಷೆ ಬರ್ದೆ. ಕೊನೇ ನಾಲ್ಕು ಮಾರ್ಕಿನ ಎರಡಕ್ಕೆ ಟೈಮ್ ಸಾಲ್ಲಿಲ್ಲ."

"ಇಪ್ಪತ್ತೆಂಟು?"

"ಆಗುತ್ತೆ. ಆಗ್ದಿದ್ರೆ ಮೂರನೇ ಪರೀಕ್ಷೆಗೆ ನಾನೇ ಬಂದು ಕಟ್ತೀನಿ. ನೀನು ಬರೋದು ಬೇಡ." ಮೆಣಸಿನಕಾಯಿಯ ತೊಟ್ಟು ಎಸೆದಳು. "ತಡ ಆದ ಆ ಇಪ್ಪತ್ತಾರು ನಿಮಿಷ ನಿಂದು ಅಣ್ಣ. ನಂದಲ್ಲ."

"ಗೊತ್ತು. ಆದ್ರೆ ಅಪ್ಪ…"

"ಅಪ್ಪ ಹೇಳಿದ್ದು ಎರಡು ಮಾತು. ಕೂಗಿದ್ದು ನೀನು."

ಅವಳು ಪೊಟ್ಟಣದ ತಳದಲ್ಲಿದ್ದ ಕಡಲೆ ಆರಿಸಿಕೊಳ್ಳುತ್ತಾ ಕೇಳಿದಳು:

"ಒಳಗೆ ನನ್ನ ಹಿಂದಿನ ಬೆಂಚಲ್ಲಿ ಒಬ್ರು ಕೂತಿದ್ರು. ಮೂವತ್ತು ವರ್ಷ ಇರ್ಬೇಕು. ಖಾಸಗಿಯಾಗಿ ಕಟ್ಟಿದಾರಂತೆ. ನೀನ್ಯಾಕೆ ಕಟ್ಲಿಲ್ಲ?"

"ಯಾಕೆ ಅಂತ ಬೆಳಿಗ್ಗೆ ಕೇಳಿಸ್ಕೊಂಡ್ಯಲ್ಲ. ಅಪ್ಪ ಬಿಡಿಸಿದ."

"ಅದು ಒಂದು ವರ್ಷದ್ದಾಯ್ತು. ಇನ್ನುಳಿದ ಏಳು ವರ್ಷ?"

ಬೈಯಬೇಕೆಂದು ಬಾಯಿ ತೆರೆದೆ. ಗದ್ದೆ ಇತ್ತು, ಅಂಗಡಿ ಇತ್ತು, ದೇವರೇ ಬೇಡ ಅಂದಿದ್ದಳು ಎಂದು ನಂಬಿದ್ದೆ. ಒಂದೊಂದೂ ನಿಜವೇ. ಒಂದನ್ನೂ ಅವಳ ಮುಖ ನೋಡಿ ಹೇಳಲಾಗಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು, ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

"ಹೇಳ್ದೆ ಇದ್ರೆ ಬಿಡು" ಅಂದಳು ಸಮೀಕ್ಷಾ, ಕೈ ಒರೆಸಿಕೊಂಡು. "ಇನ್ನೊಂದು ಪ್ಲೇಟ್ ಮೆಣಸಿನಕಾಯಿ ಹೇಳು. ಖಾರ ಇರ್ಲಿ."